‘ಎಲ್’ ಅಂದರೆ ಎಷ್ಟು ಸೆಂಟಿಮೀಟರು?

ಸೆಫೆರಿನೊನ ಮುಳುಗುವ ಉಡುಪು ಮಂಡಿಯ ಹತ್ತಿರ ಮತ್ತೆ ಹರಿದಿತ್ತು. ಅಂಟು ಹಾಕಿ ಹಾಕಿ ಅದರಲ್ಲಿ ಉಡುಪಿಗಿಂತ ತೇಪೆಯೇ ಹೆಚ್ಚಾಗಿತ್ತು. ಚಿಲೋಯೆ ದ್ವೀಪದ ಸುತ್ತಲ ಕಡಲು ಬೇಸಿಗೆಯಲ್ಲೂ ಮೂಳೆ ಕೊರೆಯುವಂಥದ್ದು. ದಪ್ಪ ರಬ್ಬರಿನ ಉಡುಪಿಲ್ಲದೆ ತಳಕ್ಕಿಳಿದು ಕಪ್ಪೆಚಿಪ್ಪು ಹೆಕ್ಕುವುದು ಯಾರಿಂದಲೂ ಆಗದು.

ಅವನು ಮುಳುಗಿದಾಗ ದೋಣಿಯಲ್ಲಿ ಗಾಳಿಯ ಯಂತ್ರ ನೋಡಿಕೊಳ್ಳುವವಳು ಹೆಂಡತಿ ಮಿರ್ತಾ. ಹಳದಿ ಕೊಳವೆಯ ಒಂದು ತುದಿ ಯಂತ್ರದಲ್ಲಿ, ಇನ್ನೊಂದು ತುದಿ ಗಂಡನ ಬಾಯಲ್ಲಿ. ಹನ್ನೊಂದು ವರ್ಷದಿಂದ ಅವಳು ಆ ಕೊಳವೆ ಹಿಡಿದೇ ಕೂರುತ್ತಿದ್ದಳು. ಅವನು ಕೆಳಗಿನಿಂದ ಒಂದು ಸಲ ಜಗ್ಗಿದರೆ ಚೆನ್ನಾಗಿದ್ದೇನೆ ಅಂತ. ಎರಡು ಸಲ ಜಗ್ಗಿದರೆ ಮೇಲಕ್ಕೆಳೆ ಅಂತ. ಜಗ್ಗದೇ ಇದ್ದರೆ ಏನು ಅನ್ನುವುದನ್ನು ಅವರಿಬ್ಬರೂ ಯಾವತ್ತೂ ಮಾತಾಡಿರಲಿಲ್ಲ.

ಒಂದು ಸಂಜೆ ಸೆಫೆರಿನೊ ಒಲೆಯ ಪಕ್ಕ ಕೂತು, ಮೊಬೈಲಿನಲ್ಲಿ ಚೀನಾದ ಅಂಗಡಿಯೊಂದರಿಂದ ಹೊಸ ಉಡುಪು ತರಿಸಲು ಗುಂಡಿ ಒತ್ತಿಬಿಟ್ಟ. ಪಕ್ಕದ ಮನೆಯ ದರ್ಜಿ ಒರ್ತೆನ್ಸಿಯಾ ‘ಮಾತೆ’ ಅನ್ನುವ ಎಲೆಚಹಾ ಕುಡಿಯಲು ಬಂದಿದ್ದಳು.

“ಯಾವ ಸೈಜು ಹಾಕ್ದೆ?” ಅಂತ ಕೇಳಿದಳು.

“ಎಲ್. ಇನ್ಯಾವ್ದು? ಹುಟ್ಟಿದಾಗಿಂದ ನಾನು ಎಲ್ಲೇ.”

“ಹುಟ್ಟುವಾಗಲೇ ಎಲ್ ಸೈಜಾ? ಪಾಪ, ನಿಮ್ಮಮ್ಮ!” ಒರ್ತೆನ್ಸಿಯಾ ನಕ್ಕಳು. “ಅಲ್ಲಯ್ಯಾ, ಅವರ ಎಲ್ಲು, ನಮ್ಮ ಎಲ್ಲು ಒಂದೇನಾ? ಕೆಳಗೆ ಅಳತೆ ಪಟ್ಟಿ ಇರುತ್ತೆ, ನೋಡಿದ್ಯಾ?”

“ಅಕ್ಷರ ಕಡಲು ದಾಟಿದ ತಕ್ಷಣ ಬದಲಾಗಿಬಿಡುತ್ತಾ?”

“ಬದಲಾಗುತ್ತೆ. ಹೋದ ವರ್ಷ ನಂಗೆ ಕೋಟು ಬಂತಲ್ಲ, ಅದರ ಮೇಲೆ ಎಕ್ಸ್‌ಎಲ್ ಅಂತಾನೇ ಬರೆದಿತ್ತು. ನನ್ನ ಒಂದು ತೋಳೂ ತೂರಲಿಲ್ಲ. ಈಗ ಬೆಕ್ಕು ಅದರ ಮೇಲೆ ಮಲಗುತ್ತೆ. ಉಡುಪು ಇನ್ನೂ ಅಲ್ಲಿಂದ ಹೊರಟಿರಲ್ಲ, ರದ್ದು ಮಾಡು.”

“ದರ್ಜಿ ಕಣ್ಣಿಗೆ ಊರೋರ ಬಟ್ಟೆಯೆಲ್ಲಾ ತಪ್ಪೇ,” ಅಂದ ಸೆಫೆರಿನೊ. ಮಿರ್ತಾಳಿಗೆ ಒರ್ತೆನ್ಸಿಯಾ ಹೇಳಿದ್ದೇ ಸರಿ ಅನ್ನಿಸಿತು. ಆದರೂ ಗಂಡನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

ನಲವತ್ತು ದಿನಕ್ಕೆ ಪೊಟ್ಟಣ ಬಂತು. ಅದನ್ನು ತೊಡಿಸುವಷ್ಟರಲ್ಲಿ ಮಿರ್ತಾಳಿಗೆ ಬೆವರಿಳಿಯಿತು. ಗಂಡನ ಬೆನ್ನಿಗೆ ಮಂಡಿ ಕೊಟ್ಟು ಜಿಪ್ ಎಳೆದಳು. ಕಾಲರು ಕುತ್ತಿಗೆಗೆ ಕಚ್ಚಿಕೊಂಡಿತು. ಅವನ ಮುಖ ಬೀಟ್‌ರೂಟಿನ ಹಾಗೆ ಕೆಂಪಾಯಿತು.

“ಬೇಡ ಸೆಫೆ, ವಾಪಸ್ ಕಳಿಸೋಣ.”

“ವಾಪಸ್ ಕಳಿಸೋ ಅಂಚೆ ಖರ್ಚಿಗೆ ಇನ್ನೊಂದು ಉಡುಪೇ ಬರುತ್ತೆ. ಸುಮ್ನಿರು. ನೀರಿಗಿಳಿದ್ರೆ ತಾನೇ ಸಡಿಲ ಆಗುತ್ತೆ.”

ಅವನ ದನಿ ಯಾರೋ ಗಂಟಲು ಅದುಮಿದ ಹಾಗಿತ್ತು.

ಮಾರನೆಯ ಬೆಳಿಗ್ಗೆ ದೋಣಿ ಹೊರಟಿತು. ಕಡಲು ಸೀಸದ ಬಣ್ಣಕ್ಕೆ ತಿರುಗಿತ್ತು. ಸುತ್ತ ಬೇರೆ ದೋಣಿ ಇರಲಿಲ್ಲ. ಸೆಫೆರಿನೊ ಐದು ಮಾರು ಆಳಕ್ಕೆ ಇಳಿದ. ಮಿರ್ತಾ ಕೊಳವೆ ಜಗ್ಗಿದಳು. ಕೆಳಗಿನಿಂದ ಒಂದು ಜಗ್ಗು ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಜಗ್ಗಿದಳು. ಈ ಸಲ ಉತ್ತರ ತಡವಾಗಿ ಬಂತು, ನಿದ್ದೆಯಲ್ಲಿ ಜಗ್ಗಿದ ಹಾಗೆ.

ಮೂರನೇ ಸಲ ಜಗ್ಗಿದಳು. ಕೊಳವೆ ಸುಮ್ಮನಿತ್ತು.

ಯಂತ್ರ ಟಕಟಕ ಅನ್ನುತ್ತಲೇ ಇತ್ತು. ಗುಳ್ಳೆಗಳು ಮೇಲೆ ಬರುತ್ತಿದ್ದವು, ಆದರೆ ಒಂದೇ ಜಾಗದಲ್ಲಿ. ಅವನು ನಡೆಯುತ್ತಿಲ್ಲ. ಮಿರ್ತಾ ಮತ್ತೆ ಜಗ್ಗಿದಳು. “ಸೆಫೆ!” ಅಂತ ನೀರಿಗೆ ಬಾಯಿಟ್ಟು ಕೂಗಿದಳು. ಆಮೇಲೆ ಕೊಳವೆಯನ್ನೂ ಅದರ ಜೊತೆ ಅವನ ಸೊಂಟಕ್ಕೆ ಕಟ್ಟಿದ ಹಗ್ಗವನ್ನೂ ಹಿಡಿದು ಒಬ್ಬಳೇ ಎಳೆಯತೊಡಗಿದಳು. ಅಂಗೈ ಸುಲಿಯಿತು. ಎಳೆದಷ್ಟೂ ಮುಗಿಯದ ಹಗ್ಗ.

ಅವನ ತಲೆ ಮೇಲೆ ಬಂತು. ತುಟಿ ನೀಲಿಯಾಗಿತ್ತು. ಅವಳನ್ನು ನೋಡಿದ, ಏನೋ ಹೇಳಲು ಹೋದ, ಕಣ್ಣಾಲಿಗಳು ಮೇಲಕ್ಕೆ ಸಿಕ್ಕಿಕೊಂಡವು. ತಲೆ ವಾಲಿತು.

ಮಿರ್ತಾ ಒಂದು ಕೈಯಲ್ಲಿ ಅವನ ಗದ್ದ ನೀರಿನ ಮೇಲೆ ಎತ್ತಿ ಹಿಡಿದಳು. ಇನ್ನೊಂದು ಕೈಗೆ ಚಿಪ್ಪು ಬಿಡಿಸುವ ಚಾಕು ಸಿಕ್ಕಿತು. ರಬ್ಬರಿಗೂ ಚರ್ಮಕ್ಕೂ ನಡುವೆ ಬೆರಳು ತೂರಿಸಲೂ ಜಾಗವಿಲ್ಲ. ದೋಣಿ ಓಲಾಡುತ್ತಿತ್ತು. ಒಂದು ಅಲೆ ಬಂದರೆ ಚಾಕು ಎಲ್ಲಿಗೆ ಹೋಗುತ್ತದೆ ಅನ್ನುವುದು ಅವಳಿಗೆ ಗೊತ್ತಿತ್ತು. ಉಸಿರು ಬಿಗಿಹಿಡಿದು ಕಾಲರು ಕೊಯ್ದಳು. ರಬ್ಬರು ಪಟ್ಟನೆ ಬಿಚ್ಚಿಕೊಂಡಿತು. ಸೆಫೆರಿನೊ ಗೊರ್ರನೆ ಉಸಿರೆಳೆದುಕೊಂಡ.

ದ್ವೀಪದ ಆರೋಗ್ಯ ಕೇಂದ್ರದಲ್ಲಿ ದಾದಿ ಅವನ ಕುತ್ತಿಗೆಯ ನೀಲಿ ಗೆರೆ ನೋಡಿದಳು.

“ಇಲ್ಲಿ ಬಿಗಿದ್ರೆ ರಕ್ತನಾಳ ಒತ್ತುತ್ತೆ. ಎದೆಬಡಿತ ಇಳಿದು ತಲೆ ತಿರುಗುತ್ತೆ. ನೆಲದ ಮೇಲಾದ್ರೆ ಬೀಳ್ತೀಯ, ಏಳ್ತೀಯ. ನೀರಲ್ಲಿ ಏಳೋದಿಲ್ಲಪ್ಪ,” ಅಂದಳು.

ಎರಡು ದಿನ ಬಿಟ್ಟು ಒರ್ತೆನ್ಸಿಯಾ ಅಳತೆ ಟೇಪು ಹಿಡಿದು ಬಂದಳು. ‘ನಾನು ಹೇಳಿರಲಿಲ್ವಾ’ ಅನ್ನಲಿಲ್ಲ. “ಸ್ವೆಟರ್ ಬಿಚ್ಚು. ದಪ್ಪ ಬಟ್ಟೆ ಮೇಲೆ ಅಳೆದ್ರೆ ಲೆಕ್ಕ ತಪ್ಪುತ್ತೆ,” ಅಂದಳು. ಸೆಫೆರಿನೊ ಸ್ವೆಟರ್ ಬಿಚ್ಚಿ ಕೈ ಅಗಲಿಸಿ ನಿಂತ. ಅವಳು ಎದೆ, ಸೊಂಟ, ನಿತಂಬ, ಕುತ್ತಿಗೆ, ಎತ್ತರ ಅಳೆದಳು. ಮಿರ್ತಾ ಬರೆದುಕೊಂಡಳು. ಆಮೇಲೆ ಮೂವರೂ ಆ ಅಂಗಡಿಯ ಪಟ್ಟಿ ತೆರೆದರು.

“ನಿನ್ನ ಕುತ್ತಿಗೆ ನಲವತ್ತಮೂರು. ಅವರ ಎಲ್‌ಗೆ ಮೂವತ್ತೆಂಟು. ಅವರ ಲೆಕ್ಕದಲ್ಲಿ ನೀನು ಎಲ್‌ಗಿಂತ ಎರಡು ಸೈಜು ಮೇಲೆ,” ಅಂದಳು ಒರ್ತೆನ್ಸಿಯಾ.

“ಐದೇ ಸೆಂಟಿಮೀಟರಾ?” ಅಂದ ಸೆಫೆರಿನೊ ಮೆಲ್ಲಗೆ.

“ದೊಡ್ಡದು ಅಂತ ನಾಲ್ಕು ಸೈಜು ಮೇಲಿನದು ತರಿಸಿದ್ರೂ ಕಷ್ಟಾನೇ. ಸಡಿಲ ಇದ್ರೆ ತಣ್ಣೀರು ಒಳಗೆ ನುಗ್ಗುತ್ತೆ. ಇನ್ನೊಂದು ನೋಡು, ಕೆಲವು ಪಟ್ಟಿ ಇಂಚಲ್ಲಿರುತ್ತೆ. ಕೆಲವರು ಮೈ ಅಳತೆ ಕೊಡ್ತಾರೆ, ಕೆಲವರು ಬಟ್ಟೆ ಅಳತೆ ಕೊಡ್ತಾರೆ. ಯಾವುದು ಅಂತ ಗೊತ್ತಾಗದಿದ್ರೆ ಅಂಗಡಿಯವನಿಗೇ ಬರೆದು ಕೇಳು. ಕೊಂಡವರು ಕೆಳಗೆ ಅಭಿಪ್ರಾಯದ ಜೊತೆ ತಮ್ಮ ಎತ್ತರ, ತೂಕ ಬರೆದಿರ್ತಾರಲ್ಲ, ನಿನ್ನಂಥ ಮೈಯವರು ಏನಂದಿದಾರೆ ಓದು.”

ಸೆಫೆರಿನೊ ತನ್ನ ಅಳತೆ ಬರೆದು ಕಳಿಸಿದ. ಉತ್ತರ ಬರುವವರೆಗೆ ಕಾದ. ವಾಪಸಾತಿಗೆ ಎಷ್ಟು ದಿನ, ಖರ್ಚು ಯಾರದ್ದು ಅಂತ ಓದಿದ. ಆಮೇಲೇ ಗುಂಡಿ ಒತ್ತಿದ.

ಹೊಸ ಉಡುಪು ಬಂದಾಗ ಬೆಲೆಚೀಟಿ ಕೀಳದೆ ಮನೆಯಲ್ಲೇ ಅರ್ಧ ಗಂಟೆ ತೊಟ್ಟು ನೋಡಿದ. ಕೂತ, ಎದ್ದ, ಕತ್ತು ತಿರುಗಿಸಿದ, ಎದೆ ತುಂಬ ಉಸಿರೆಳೆದ. ಮೈಗೆ ಅಂಟಿತ್ತು, ಅದುಮಲಿಲ್ಲ. ಆದರೂ ಅವನು ಮತ್ತೆ ನೀರಿಗಿಳಿದ ದಿನ ಮಿರ್ತಾ ನಿಮಿಷಕ್ಕೊಮ್ಮೆ ಕೊಳವೆ ಜಗ್ಗುತ್ತಿದ್ದಳು. ಹತ್ತು ನಿಮಿಷಕ್ಕೇ ಅವನನ್ನು ಮೇಲಕ್ಕೆ ಕರೆದಳು.

“ಬುಟ್ಟಿ ಅರ್ಧಾನೂ ತುಂಬಿಲ್ವಲ್ಲೇ,” ಅಂದ.

“ಇವತ್ತಿಗೆ ಸಾಕು.”

ಸೆಫೆರಿನೊ ಬುಟ್ಟಿ ಅವಳ ಕೈಗೆ ಕೊಟ್ಟು ದೋಣಿ ಹತ್ತಿದ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವು ತರಿಸುವುದು ಮಗಳ ಲಂಗವೇ ಇರಬಹುದು, ಕೆಲಸದ ಕೋಟೇ ಇರಬಹುದು. ಅಕ್ಷರ ನಂಬಬೇಡಿ, ಅಳತೆ ನಂಬಿ. ಟೇಪು ಇಲ್ಲದಿದ್ದರೆ ಒಂದು ದಾರ, ಒಂದು ಸ್ಕೇಲು ಸಾಕು. ನೀರಿಗೆ, ಯಂತ್ರದ ಬಳಿಗೆ, ಎತ್ತರಕ್ಕೆ ಹೋಗುವವರ ಉಡುಪು ಬಿಗಿ ಅನ್ನಿಸಿದರೆ ಒಂದು ದಿನವೂ ತೊಡಬೇಡಿ. ತೊಟ್ಟವರನ್ನು ಕಂಡರೆ ಬಾಯಿ ಮುಚ್ಚಿಕೊಂಡಿರಬೇಡಿ. ಈ ಹಾಳೆಯ ಹಿಂಬದಿ ಖಾಲಿ ಬಿಟ್ಟಿದ್ದೇವೆ. ಮನೆಯವರನ್ನು ಒಬ್ಬೊಬ್ಬರಾಗಿ ನಿಲ್ಲಿಸಿ, ಅವರ ಹೆಸರು ಬರೆದು, ಮುಂದೆ ಅಳತೆ ಬರೆಯಿರಿ. ಕುತ್ತಿಗೆಯಿಂದ ಶುರು ಮಾಡಿ.