ಒಂಬತ್ತನೆಯ ಬಿಂದು

ತೀರಿಕೊಂಡ ರಘೋತ್ತಮ ಸರ್ ಅವರ ಪಾದಕ್ಕೆ ಹೂವು ಹಾಕುತ್ತಿದ್ದಾಗಲೂ ಶ್ರೀದೇವಿಯ ಕಣ್ಣು ಗೋಡೆಯ ಕಪಾಟಿನ ಮೇಲಿತ್ತು. ತನ್ನ ಪ್ರಬಂಧದ ಕೆಂಪು ರಟ್ಟಿನ ಐದು ಪ್ರತಿಗಳು ಅಲ್ಲಿ ಕಾಣಲಿಲ್ಲ. ಹಿಂದೆ ನಿಂತವರು ಕೆಮ್ಮಿದರು. ಅವಳು ಸರಿದು ಹೊರಗೆ ಬಂದಳು.

2008ರ ಮಾರ್ಚ್ 27, ಗುರುವಾರ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹರಾಜಿನ ದಿನ. ಘಾಟು ಓಣಿಯವರೆಗೂ ಬಂದಿತ್ತು.

“ಅಳೋರು ಯಾರು, ಘಾಟಿಗೆ ಕಣ್ಣೀರು ಹಾಕೋರು ಯಾರು, ಒಂದೂ ತಿಳಿವಲ್ದು,” ಎಂದರು ನಿಜಲಿಂಗಪ್ಪ, ಮೂಗು ಒರೆಸಿಕೊಳ್ಳುತ್ತ. ಹಾವೇರಿಯ ಕಾಲೇಜಿನಲ್ಲಿ ರಘೋತ್ತಮ ಗಣಿತ ಕಲಿಸಿದ್ದು ಮೂವತ್ತೊಂದು ವರ್ಷ. ಭೌತಶಾಸ್ತ್ರದ ನಿಜಲಿಂಗಪ್ಪ ಅವರ ಜೊತೆ ಇಪ್ಪತ್ತು ವರ್ಷ ಒಂದೇ ಬಸ್ಸಿನಲ್ಲಿ ಹೋಗಿಬಂದಿದ್ದರು.

“ಇವನ ಗಣಿತದಾಗ ನನ್ನ ಮಗ ಒಂದು ಮಾರ್ಕಿಗೆ ಫೇಲಾದ. ಕೇಳಾಕ ಹೋದೆ. ‘ಉತ್ತರದಾಗ ಎಲ್ಲಿ ಅದ ತೋರಸು, ಈಗ ಕೊಡ್ತೀನಿ’ ಅಂದ.”

“ಆಮ್ಯಾಲ ಮಾತು ಬಿಟ್ರೇನ್ರಿ?”

“ಬಿಡ್ತಿದ್ದೆ. ಮರುದಿನ ಬಸ್ಸಿನ್ಯಾಗ ನನಗ ಸೀಟು ಹಿಡಕೊಂಡು ಕುಂತಿದ್ದ.” ನಿಜಲಿಂಗಪ್ಪ ಅವಳ ಕಡೆ ತಿರುಗಿದರು. “ನಿಂದೇನಾತವಾ, ಸಹಿ?”

“ಆಗಿಲ್ರಿ.”

“ಅಮ್ಮಾರ್ನ ಕೇಳು.”

“ಇವತ್ತ ಹೆಂಗ ಕೇಳ್ಲಿ?”

“ಹದಿಮೂರು ದಿನ ಮುಗಿಯೂತನ ವಿಶ್ವವಿದ್ಯಾಲಯ ಕಾಯತೈತೇನು?”

ಕಾಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಪಿಎಚ್‌ಡಿಗೆ ಐದು ವರ್ಷದ ಅವಧಿ, ಮೇಲೊಂದು ವರ್ಷದ ವಿಸ್ತರಣೆ. ಅದೂ ಬರುವ ಸೋಮವಾರ ಮುಗಿಯುತ್ತಿತ್ತು. ಪ್ರವೇಶ ಪರೀಕ್ಷೆ, ಎರಡು ಲೇಖನ, ಸಾರಾಂಶದ ಒಪ್ಪಿಗೆ, ಎಲ್ಲ ಆಗಿತ್ತು. ಉಳಿದದ್ದು ಮಾರ್ಗದರ್ಶಕರಾದ ರಘೋತ್ತಮ ಸರ್ ಅವರ ಪ್ರಮಾಣಪತ್ರ: ಇದು ಅಭ್ಯರ್ಥಿಯ ಸ್ವಂತ ಕೆಲಸ, ನನಗೆ ತಿಳಿದಂತೆ ಸರಿಯಾಗಿದೆ ಎಂಬ ನಾಲ್ಕು ಸಾಲು, ಅದರಡಿ ಸಹಿ. ಹದಿನಾಲ್ಕು ತಿಂಗಳಿಂದ ಅವಳು ರಾಣೆಬೆನ್ನೂರಿನಿಂದ ಬಂದು ಕೇಳುತ್ತಿದ್ದಳು. “ಇನ್ನೊಂದು ಸಲ ನೋಡ್ತೀನಿ” ಎನ್ನುತ್ತಿದ್ದರು. ಅವರಿಗೆ ಅವಳು ಮೊದಲ ವಿದ್ಯಾರ್ಥಿನಿ, ಕಡೆಯವಳೂ ಅವಳೇ.

ಸರ್ ಅವರ ಅಣ್ಣನ ಮಗ ಸುಶ್ರುತ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಗಂಡಸರು ಹೊರಟರು.

* * *

ಎರಡು ವರ್ಷದ ಹಿಂದೆ, ಇದೇ ಮನೆಯ ಪಡಸಾಲೆ. ಬಿಂದುಗಳನ್ನು ಗೆರೆಗಳಿಂದ ಜೋಡಿಸಿದ ಜಾಲಗಳು ಅವಳ ವಿಷಯ. ತನ್ನ ನಿಯಮಕ್ಕೆ ಒಳಪಡುವ ಪ್ರತಿ ಜಾಲಕ್ಕೂ ಮೂರು ಬಣ್ಣ ಸಾಕು, ಗೆರೆ ಕೂಡಿದ ಎರಡು ಬಿಂದುಗಳಿಗೆ ಒಂದೇ ಬಣ್ಣ ಬರುವುದಿಲ್ಲ ಎಂಬುದು ಪ್ರಮೇಯ. ಎಂಟು ಬಿಂದುಗಳವರೆಗೆ ಎಲ್ಲ ಜಾಲಗಳನ್ನೂ ಕಂಪ್ಯೂಟರಿನಲ್ಲಿ ಜರಡಿ ಹಿಡಿದಿದ್ದಳು. ಎಂಟು ಬಿಂದುಗಳವೇ 12,346. ಅದರಾಚೆಗೆ ತರ್ಕದಿಂದ ಹೆಜ್ಜೆ ಹೆಜ್ಜೆಯಾಗಿ ಸಾಧಿಸಿ ತೋರಿಸುವುದೇ ಗತಿ.

“ಈ ಹೆಜ್ಜಿ ಬಿಡಿಸಿ ಬರೀಲೇನ್ರಿ ಸರ್?”

“ಬ್ಯಾಡ. ಅದು ತಾನ ಕಾಣಸ್ತದ. ಸ್ವಯಂಸಿದ್ಧ ಅಂತ ಬರಿ, ಮುಂದ ನಡಿ.”

ಅವಳು ಹಾಗೇ ಬರೆದಳು. ಪುಟ 88.

* * *

ನೆಲ ತೊಳೆದಾಗಿತ್ತು. ಸರ್ ಅವರ ಹೆಂಡತಿ ಪದ್ಮಾಬಾಯಿ ಶ್ರೀದೇವಿಯನ್ನು ಒಳಗೆ ಕರೆದು, ಹಾಸಿಗೆಯ ಸುರುಳಿಯ ಹಿಂದಿನಿಂದ ಬಟ್ಟೆಯ ಚೀಲ ಎಳೆದರು. ಐದೂ ಪ್ರತಿಗಳು ಅದರಲ್ಲಿದ್ದವು. ಐದರಲ್ಲೂ ಸಹಿ ಇತ್ತು, ಮಂಗಳವಾರದ ತಾರೀಖು.

ಶ್ರೀದೇವಿ ಚೀಲದ ಪಕ್ಕ ಅಲ್ಲೇ ಕುಳಿತಳು.

“ಸಹಿ ಮಾಡಿದ್ಮ್ಯಾಲ ಊಟ ಸೇರಲಿಲ್ಲವಾ ಅವರಿಗೆ,” ಎಂದರು ಪದ್ಮಾಬಾಯಿ. “‘ಆಕಿ ಆರು ವರ್ಷ ಹಾಳಾಗಬಾರದು, ಅದಕ್ಕ ಸುಳ್ಳಿಗೆ ಸಹಿ ಮಾಡೇನಿ’ ಅಂದರು. ನಿನ್ನೆ ಸಂಜಿಕ ಎದಿ ಹಿಡಕೊಂಡರು. ಏನು ಸುಳ್ಳು ಅದು? ನನಗ ಹೇಳಲಿಲ್ಲ.”

ಮೇಲಿನ ಪ್ರತಿಯಲ್ಲಿ, ಪುಟ 88ರ ಬಳಿ, ಸರ್ ಬರೆದ ಒಂದು ಬಿಡಿ ಹಾಳೆ ಇತ್ತು. ಒಂಬತ್ತು ಬಿಂದುಗಳು. ಎಂಟಕ್ಕೆ ಕೆಂಪು, ಹಸಿರು, ನೀಲಿ. ಒಂಬತ್ತನೆಯದರಲ್ಲಿ ಮೂರೂ ಬಣ್ಣ ತುಂಬಿ, ಅಳಿಸಿ, ತುಂಬಿ, ಕಾಗದ ತೂತು ಬಿದ್ದಿತ್ತು. ಶ್ರೀದೇವಿ ಬೆರಳಿಟ್ಟು ಪ್ರತಿ ಗೆರೆ ಹಿಡಿದು ಹೋದಳು. ನಿಯಮ ಎಲ್ಲೂ ಮುರಿದಿರಲಿಲ್ಲ. ಎಂಟರ ಬಣ್ಣ ಅದಲುಬದಲು ಮಾಡಿ ಮೊದಲಿನಿಂದ ಹಿಡಿದಳು. ಇನ್ನೊಂದು ಸಲ. ಪ್ರತಿ ಸಲವೂ ಕೊನೆಗೊಂದು ಬಿಂದು ಬರಿದಾಗೇ ಉಳಿಯಿತು.

ಹದಿನಾಲ್ಕು ತಿಂಗಳು. ಮೊದಲ ತಿಂಗಳೇ ಹೇಳಿದ್ದರೆ ಬೇರೆ ದಾರಿ ಹುಡುಕಬಹುದಿತ್ತು. ಸ್ವಯಂಸಿದ್ಧ ಎಂದ ತಪ್ಪನ್ನು ತಾವೇ ಗುಟ್ಟಾಗಿ ರಿಪೇರಿ ಮಾಡಲು ಕುಳಿತಿದ್ದರು. ಹಾಳೆ ತೆಗೆದು ಚೀಲ ಹೊತ್ತು ನಡೆದರೆ ಸೋಮವಾರ ಸಲ್ಲಿಸಬಹುದು. ಪರೀಕ್ಷಕರು 88ನೆಯ ಪುಟದ ಗೆರೆ ಎಣಿಸುವುದು ಅಪರೂಪ.

ಪದ್ಮಾಬಾಯಿ ಇನ್ನೂ ಅವಳ ಮುಖವನ್ನೇ ನೋಡುತ್ತಿದ್ದರು.

“ಎಲ್ಲಾ ಜಾಲಕ್ಕೂ ಮೂರು ಬಣ್ಣ ಸಾಕು ಅಂತ ಬರದೇವ್ರಿ ಅಮ್ಮಾರ. ಸಾಲಂಗಿಲ್ಲ. ಸರ್‌ಗೆ ಗೊತ್ತಾಗಿತ್ತು. ನನಗ ಹೇಳಬೇಕಿತ್ರಿ ಅವರು.” ಧ್ವನಿ ಗಡುಸಾಗಿತ್ತು. “ಪೆನ್ನು ಐತೇನ್ರಿ?”

ಗೂಟಕ್ಕೆ ತೂಗುಹಾಕಿದ್ದ ಅಂಗಿಯ ಜೇಬಿನಿಂದ ಪದ್ಮಾಬಾಯಿ ಪೆನ್ನು ತೆಗೆದುಕೊಟ್ಟರು. ಪ್ರಬಂಧ ಇಂಗ್ಲಿಷಿನಲ್ಲಿತ್ತು. ಶ್ರೀದೇವಿ ಪ್ರಮೇಯದಲ್ಲಿ ‘ಪ್ರತಿ’ ಎನ್ನುವ ‘ಎವ್ರಿ’ ಪದವನ್ನು ಹೊಡೆದುಹಾಕಿ, ಅದೇ ಭಾಷೆಯಲ್ಲಿ ‘ಎಂಟು ಬಿಂದುಗಳವರೆಗೆ’ ಎಂದು ಬರೆದಳು. ಅಂಚಿನಲ್ಲಿ ಒಂಬತ್ತು ಬಿಂದುಗಳ ಚಿತ್ರ, ಕೆಳಗೆ ಅದನ್ನು ಕಂಡುಹಿಡಿದವರ ಹೆಸರು. ಒಂದು ಅಧ್ಯಾಯದ ಪ್ರಮೇಯ ಕಂಪ್ಯೂಟರಿನಲ್ಲಿ ನೋಡಿದ ಜಾಲಗಳ ಬರೇ ಒಂದು ಪಟ್ಟಿಯಾಯಿತು. ಎರಡನೆಯ ಪ್ರತಿ ತೆಗೆದಳು. ಮೂರನೆಯದು.

ಸ್ಮಶಾನಕ್ಕೆ ಹೋದವರು ಸ್ನಾನ ಮುಗಿಸಿ ಮರಳಿದಾಗ ಅವಳು ಐದನೆಯದರಲ್ಲಿದ್ದಳು.

“ಬೈಂಡ್ ಆದಮ್ಯಾಲ ಹಿಂಗ ಕಾಟು ಹೊಡಿಬಾರದು, ನಿಯಮ ಐತಿ,” ಎಂದರು ನಿಜಲಿಂಗಪ್ಪ ಬಾಗಿಲಲ್ಲೇ ನಿಂತು. “ತಿರುಗಿ ಕಳಸ್ತಾರ.”

“ಗೊತ್ತೈತ್ರಿ.”

“ಮತ್ತ?”

ಅವಳು ಅಂಚಿನಲ್ಲಿ ಒಂಬತ್ತನೆಯ ಬಿಂದು ಇಟ್ಟಳು. ಸುಶ್ರುತನ ಒದ್ದೆ ಧೋತರದಿಂದ ನೀರು ತೊಟ್ಟಿಕ್ಕುತ್ತ ಹೊಸ್ತಿಲು ದಾಟಿತು, ತೊಳೆದ ನೆಲದ ಮೇಲೆ ತೆರೆದಿಟ್ಟಿದ್ದ ಪ್ರತಿಗಳ ಕಡೆಗೇ ಹರಿಯಿತು. ಪದ್ಮಾಬಾಯಿ ಬಾಗಿ ತಿದ್ದಿ ಮುಗಿದ ನಾಲ್ಕನ್ನೂ ಒಂದೊಂದಾಗಿ ಎತ್ತಿಕೊಂಡರು. ಶಾಯಿ ಇನ್ನೂ ಹಸಿಯಿತ್ತು. ಮುಚ್ಚಿದರೆ ಕಲಸಿಹೋಗುತ್ತದೆಂದು ಎರಡನ್ನು ಮಡಿಲಲ್ಲಿ, ಎರಡನ್ನು ಎರಡೂ ಕೈಯಲ್ಲಿ, ತೆರೆದೇ ಹಿಡಿದು ಕುಳಿತರು.