ಅಪ್ಪನ ಕರೆ ಬರುವ ಹೊತ್ತು

ಅಪ್ಪನಿಗೆ ಮುಖ ತೋರಿಸದೆ ಮಗಳು ಮಲಗಬಾರದು ಎಂಬ ಕಟ್ಟಳೆ ನಾಯ್ಮಾರ್ಮೂಲೆಯ ಆ ಮನೆಯಲ್ಲಿ ಎರಡು ವರ್ಷದಿಂದ ನಡೆದುಬಂದಿತ್ತು. ಮಸ್ಕತ್ತಿನ ಹೋಟೆಲಿನಲ್ಲಿ ಕೆಲಸ ಮುಗಿಸಿ ಗುಣಪಾಲ ವೀಡಿಯೋ ಕರೆ ಮಾಡುವಾಗ ಇಲ್ಲಿ ರಾತ್ರಿ ಹನ್ನೆರಡೂವರೆ. ಒಂಬತ್ತನೇ ತರಗತಿಯ ರಶ್ಮಿತಾ ಅಲ್ಲಿಯವರೆಗೂ ಫೋನು ಹಿಡಿದು ಕಾಯುತ್ತಿದ್ದಳು. ಕರೆ ಮುಗಿದ ಮೇಲೂ ಫೋನು ಅವಳ ಹಾಸಿಗೆಯಲ್ಲೇ ಉಳಿಯುತ್ತಿತ್ತು. ತಾಯಿ ಕಮಲ ಅಷ್ಟರಲ್ಲಿ ನಿದ್ದೆ ಹೋಗಿರುತ್ತಿದ್ದಳು.

ಮೊದಮೊದಲು ರಶ್ಮಿತಾಳದು ಬರೀ ಎದುರು ಮಾತು. ಆಮೇಲೆ ಊಟದ ತಟ್ಟೆ ಎಸೆದಳು. ಕೊನೆಗೊಂದು ದಿನ ಶಾಲೆಯಲ್ಲಿ ಗೆಳತಿಯ ಕೆನ್ನೆಗೆ ಹೊಡೆದು, ಯಾಕೆಂದು ಕೇಳಿದರೆ ಗೊತ್ತಿಲ್ಲವೆಂದು ಅತ್ತಳು. ಕಮಲಳ ಅತ್ತೆ ಸುಬ್ಬಲಕ್ಷ್ಮಿಗೆ ಅನುಮಾನವೇ ಉಳಿಯಲಿಲ್ಲ. ಇದು ಏನೋ ಗಾಳಿ ಸೋಂಕಿದ್ದು ಎಂದರು. ಜೋಯಿಸರಲ್ಲಿ ಪ್ರಶ್ನೆ ಇಡಿಸಿ ನೂಲು ಕಟ್ಟಿಸಿದರು. ಸಿಟ್ಟು ಇಳಿಯದಿದ್ದಾಗ, ಶಾಲೆ ಬಿಡಿಸಿ ನಲವತ್ತೆಂಟು ದಿನ ವ್ರತ ಮಾಡಿಸಬೇಕೆಂದು ಮುಂದಿನ ತಿಂಗಳಿಗೆ ದಿನವನ್ನೂ ಗೊತ್ತುಮಾಡಿದರು. ಮೊಮ್ಮಗಳ ಮೇಲೆ ಪ್ರೀತಿಯಿಲ್ಲವೆಂದಲ್ಲ. ನಮ್ಮ ಮನೆಗಳಲ್ಲಿ ಮಕ್ಕಳ ಬಾಳಿಗೆ ಏಟು ಬೀಳುವುದು ಹೆಚ್ಚಾಗಿ ಪ್ರೀತಿಯ ಕೈಯಿಂದಲೇ. ಕಮಲ ರಜೆ ಕೇಳಲು ಶಾಲೆಗೆ ಹೋದಳು.

ಅಲ್ಲಿಯ ಕೌನ್ಸೆಲರ್ ಶ್ರೀರಂಜಿನಿ ಟೀಚರ್ ಎಲ್ಲವನ್ನೂ ಕೇಳಿ, ಹುಡುಗಿ ಮಲಗುವುದು ಎಷ್ಟು ಗಂಟೆಗೆ ಎಂದರು. ಅಪ್ಪನ ಕರೆಯನ್ನು ಒಂದು ದಿನವೂ ತಪ್ಪಿಸಿಲ್ಲವೆಂದು ಕಮಲ ಹೆಮ್ಮೆಯಿಂದಲೇ ಹೇಳತೊಡಗಿದಳು. ಹೇಳುತ್ತಾ ಹೇಳುತ್ತಾ ಬೆರಳು ಮಡಚಿ ಮಗಳ ನಿದ್ದೆಯ ಗಂಟೆ ಎಣಿಸಿದಳು; ಐದೂ ತುಂಬಲಿಲ್ಲ.

“ಐದು ಗಂಟೆ ನಿದ್ದೆಯೂ ಇಲ್ಲದಿದ್ರೆ ದೊಡ್ಡವರಿಗೇ ತಲೆ ನಿಲ್ಲುದಿಲ್ಲ, ಅವಳು ಬೆಳೆಯುವ ಹುಡುಗಿ ಅಲ್ವಾ?” ಎಂದರು ಟೀಚರ್. “ಹದಿನೈದು ದಿನ ನಿದ್ದೆ ಕೊಟ್ಟು ನೋಡಿ. ಮತ್ತೂ ಸರಿಯಾಗದಿದ್ರೆ ಡಾಕ್ಟರಿಗೆ ತೋರಿಸುವ. ಶಾಲೆ ಮಾತ್ರ ಬಿಡಿಸ್ಬೇಡಿ.”

ವ್ರತ ಬೇಡವೆಂದಾಗ ಅತ್ತೆ ಮುಖ ಊದಿಸಿಕೊಂಡರು. ಅಷ್ಟು ದೂರ ದುಡಿಯುವವನಿಗೆ ಮಗಳ ಮುಖ ನೋಡುವ ಭಾಗ್ಯವೂ ಬೇಡವೇ ಎಂದರು. ಆ ಮಾತು ಕಮಲಳ ಎದೆಗೆ ನಾಟಿತು. ಆದರೂ ಅವರ ಎದುರೇ ಗಂಡನಿಗೆ ಫೋನು ಮಾಡಿದಳು.

“ಇನ್ನು ಡ್ಯೂಟಿಗೆ ಹೋಗುವ ಮೊದಲು, ಇಲ್ಲಿಯ ಸಂಜೆ ಐದಕ್ಕೆ ಮಾಡಿ. ರಾತ್ರಿ ಒಂಬತ್ತರ ಮೇಲೆ ಫೋನು ಕಪಾಟಿನ ಒಳಗೆ. ನಾನೂ ಮುಟ್ಟುದಿಲ್ಲ.”

ಗುಣಪಾಲ ಐದಕ್ಕೇ ಮಾಡುತ್ತೇನೆಂದು ಒಪ್ಪಿದ. “ಅವಳಿಗೆ ಬೇಜಾರಾಗ್ತದೆ ಅಂತ ನಾನೇ ನಿದ್ದೆ ತಡೆದು ಮಾಡ್ತಿದ್ದೆ ಮಾರಾಯ್ತಿ,” ಎಂದ.

ಮೊದಲ ನಾಲ್ಕು ದಿನ ರಶ್ಮಿತಾ ಮಾಡಿದ ರಂಪ ಅಷ್ಟಿಷ್ಟಲ್ಲ. ಎರಡನೆಯ ವಾರ ಕೂಗಾಟ ಕಡಿಮೆಯಾಯಿತು. ಯಾರೂ ಹೇಳದೆಯೇ ಆ ಗೆಳತಿಯಲ್ಲಿ ಕ್ಷಮೆ ಕೇಳಿ ಬಂದಳು.

ವ್ರತ ಹಿಡಿಯಬೇಕಿದ್ದ ಭಾನುವಾರ ಬೆಳಿಗ್ಗೆ ಎಂಟಕ್ಕೆ ನೆರೆಮನೆಯ ಹೆಂಗಸು ಅಂಗಳಕ್ಕೆ ಬಂದು, ಇನ್ನೂ ಶುರುಮಾಡಲಿಲ್ಲವೇ ಎಂದು ದೊಡ್ಡ ದನಿಯಲ್ಲಿ ವಿಚಾರಿಸಿದಳು. ಸುಬ್ಬಲಕ್ಷ್ಮಿ ಹೊರಗೆ ಬಂದು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡರು.

“ಮೆಲ್ಲ ಮಾತಾಡಿ,” ಎಂದರು. “ಹುಡುಗಿಗೆ ಒಳ್ಳೆ ನಿದ್ದೆ.”

ಅಡುಗೆಮನೆಯಲ್ಲಿ ಅದನ್ನು ಕೇಳಿದ ಕಮಲ ಒಲೆ ಆರಿಸಿ ನೆಲದ ಮೇಲೆ ಕುಳಿತು ಮನಸಾರೆ ಅತ್ತಳು.