ಯೆನ್ ಮೇಷ್ಟ್ರ ಕೊರಳಿನ ಮೈಕು

ನಮ್ಮ ತೈನಾನ್ ಊರಿನ ಕಾಲೇಜಿನಲ್ಲಿ ಸೇತುವೆ ಕಟ್ಟುವ ಪಾಠ ಹೇಳುತ್ತಿದ್ದ ಯೆನ್ ಮೇಷ್ಟ್ರಿಗೆ ಎಂಥ ಅನುಮಾನವೆಂದರೆ, ಗೋಡೆಯ ಹಲ್ಲಿಯನ್ನೂ ಗುರುತಿನ ಚೀಟಿ ಕೇಳದೆ ಮುಂದೆ ಬಿಡುತ್ತಿರಲಿಲ್ಲ. ಇಪ್ಪತ್ತು ವರ್ಷ ಅಲ್ಲಿ ಕಸ ಗುಡಿಸಿದವನು ನಾನು, ಕಣ್ಣಾರೆ ಕಂಡಿದ್ದೇನೆ.

ಆ ವರ್ಷ ಪೆಯ್-ಶುವಾನ್ ಎಂಬ ಹುಡುಗಿ ಸೇರಿದಳು. ಕಿವಿ ಮಂದ. ಮೇಷ್ಟ್ರು ಕೊರಳಿಗೆ ಹಾಕಿಕೊಳ್ಳಲೆಂದು ಬೆರಳುದ್ದದ ಮೈಕೊಂದು ಬಂತು. ಅದರಲ್ಲಿ ಆಡಿದ್ದು ನೇರ ಅವಳ ಕಿವಿಯ ಯಂತ್ರಕ್ಕೆ ಹೋಗುತ್ತಿತ್ತು. ಮೇಷ್ಟ್ರು ಹಾಕಿಕೊಂಡದ್ದೇನೋ ನಿಜ, ಆದರೆ ಮೂರು ಸುತ್ತು ಕರವಸ್ತ್ರ ಸುತ್ತಿ. ಅದು ತು ಎಂಬ ವಿಭಾಗದ ಮುಖ್ಯಸ್ಥ ತಮ್ಮ ಹಿಂದೆ ಬಿಟ್ಟ ಗೂಢಚಾರ ಎಂದೇ ಅವರ ಗುಮಾನಿ. ಕೊಟ್ಟವನು ಯಾರು? ತು. ಸಹಿ ಯಾರದ್ದು? ತು.

ಗುಜುಗುಜು ಬಿಟ್ಟು ಬೇರೇನೂ ಕೇಳಿಸುತ್ತಿಲ್ಲ ಎಂದು ಹುಡುಗಿ ಎರಡು ಸಲ ಚೀಟಿ ಬರೆದುಕೊಟ್ಟಳು. ಅದನ್ನೂ ಬೆಳಕಿಗೆ ಹಿಡಿದು, ಇದು ಯಾರ ಕೈಬರಹ ಎಂದು ನೋಡಿದರು ಮೇಷ್ಟ್ರು. ಪರೀಕ್ಷೆಗೆ ಒಂಬತ್ತೇ ದಿನ. ಫೇಲಾದರೆ ಅವಳು ಕಾಲೇಜು ಬಿಡಬೇಕಿತ್ತು.

ಕೊನೆಗೆ ಮೇಷ್ಟ್ರು ಬಲೆ ಹೂಡಿದರು. ಮಧ್ಯಾಹ್ನ ಉಂಡ ಮೇಲೆ ನಮ್ಮಲ್ಲಿ ಎಲ್ಲರೂ ಮೇಜಿಗೆ ತಲೆಯಿಟ್ಟು ಅರ್ಧ ಗಂಟೆ ಮಲಗುತ್ತಾರೆ. ಆಗ ಇಡೀ ಕಾಲೇಜಿನ ಗೊರಕೆಗೆ ಕಿಟಕಿಗಳು ತಾವಾಗಿ ತೆರೆದು ಮುಚ್ಚಿಕೊಳ್ಳುತ್ತವೆ. ಆ ಹೊತ್ತಿನಲ್ಲಿ ನನ್ನನ್ನು ಸಾಕ್ಷಿಗೆಂದು ಖಾಲಿ ಕ್ಲಾಸಿಗೆ ಕರೆದೊಯ್ದು, ಕರವಸ್ತ್ರ ಬಿಚ್ಚಿ, ಮೈಕಿಗೆ ಹೇಳಿದರು:

"ಸೋಮವಾರ ರಾಜೀನಾಮೆ ಕೊಡ್ತೀನಿ. ಇನ್ನು ಈ ಕಡೆ ತಲೆ ಹಾಕಲ್ಲ."

ಐದೇ ನಿಮಿಷದಲ್ಲಿ ತು ಕುಣಿಯುತ್ತಾ ಬರುತ್ತಾನೆ ನೋಡು ಎಂದು ಮೈಕನ್ನು ಅಂಗೈಯಲ್ಲಿ ಮುಚ್ಚಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತೆವು. ಮೆಟ್ಟಿಲ ಮೇಲೆ ದಡದಡ ಸದ್ದು. ಮೇಷ್ಟ್ರು ನನ್ನ ಕೈಯನ್ನು ಹೇಗೆ ಜಗ್ಗಿ ಹಿಡಿದರೆಂದರೆ, ಇವತ್ತಿಗೂ ಆ ಕೈ ಒಂದಂಗುಲ ಉದ್ದ.

ಬಂದವಳು ಪೆಯ್-ಶುವಾನ್. ಯಂತ್ರ ತೆಗೆಯದೆ ಮಲಗಿದ್ದಳಂತೆ. ಕೆನ್ನೆಯ ಮೇಲೆ ತೋಳಿನ ಮಡಿಕೆಯ ಕೆಂಪು ಗೆರೆ ಇನ್ನೂ ಇತ್ತು.

"ಬಿಟ್ಟು ಹೋಗ್ಬೇಡಿ ಸಾರ್. ನಿಮ್ಮ ಮಾತು ನೆಟ್ಟಗೆ ಕೇಳ್ಸಿದ್ದೇ ಇವತ್ತು."

ಮೇಷ್ಟ್ರು ಅವಳ ಹಿಂದೆ ಇಣುಕಿದರು. "ತು ಎಲ್ಲಮ್ಮಾ?"

"ಕೆಳಗೆ ಬಾಯಿ ತೆರ್ಕೊಂಡು ಮಲಗಿದಾರೆ."

ಮೇಷ್ಟ್ರು ಮೈಕನ್ನು ತಿರುಗಿಸಿ ನೋಡಿ, ತಾವು ಬಚ್ಚಲಿಗೆ ಹೋದಾಗಲೂ ಇದು ಕೇಳಿಸುತ್ತದೆಯೇ ಎಂದು ಮೆಲ್ಲಗೆ ಕೇಳಿದರು. ಅವಳು ನಗು ನುಂಗಿಕೊಂಡು, ಮೈಕು ಆಫ್ ಮಾಡುವ ಗುಂಡಿ ಎಲ್ಲಿದೆಯೆಂದು ತೋರಿಸಿಕೊಟ್ಟಳು.

ಮಧ್ಯಾಹ್ನ ಎರಡರ ಕ್ಲಾಸಿನಲ್ಲಿ ಮೇಷ್ಟ್ರು ಕರವಸ್ತ್ರವಿಲ್ಲದ ಮೈಕನ್ನು ಕೊರಳಿಗೆ ಹಾಕಿಕೊಂಡು, ಪುಸ್ತಕವನ್ನು ಮೊದಲ ಪುಟಕ್ಕೆ ತಿರುಗಿಸಿದರು. ನಲವತ್ತು ಹುಡುಗರು ಒಟ್ಟಿಗೆ ನರಳಿದರು.

"ಸುಮ್ನಿರ್ರೋ," ಎಂದರು ಮೇಷ್ಟ್ರು. "ಇವಳಿಗೆ ಇದು ಹೊಸ ಪಾಠ."